ಸಾಕ್ಷಿಗೆ ಬಂದ ಎಂಟು ಜನ

ಅಂಚೆಯವನು ಕಾಗದವನ್ನು ಮೆಟ್ಟಿಲ ಮೇಲೆ ನಿಂತು ಓದಿದ್ದೇ ಎಡವಟ್ಟಾಯಿತು. ಗುಂಡಿಯಕ್ಕನಿಗೆ ಕಣ್ಣು ಕಾಣದು, ಕಿವಿ ಚುರುಕು. ಅವನು ಮಾತ್ರ ಕಿವಿ ಕೇಳದವರಿಗೆ ಓದುವಂತೆ ಓದಿದ. ‘ಆಸರೆಗೆ ಯಾರೂ ಇಲ್ಲದ ಅಂಗವಿಕಲರಿಗೆ ಸಹಾಯಕರ ಭತ್ಯೆ. ಬುಧವಾರ ಹನ್ನೊಂದಕ್ಕೆ ಅಧಿಕಾರಿ ಮನೆಗೆ ಬಂದು ಪರಿಶೀಲಿಸುತ್ತಾರೆ.’ ಮೂರು ಮಹಡಿಗೂ ಕೇಳಿಸಿತು.

ಅವಳು ಟೈಲರ್ ಅಂಗಡಿಯ ಅಂಗಿಗಳಿಗೆ ಬೆರಳಲ್ಲೇ ಅಳೆದು ಗುಂಡಿ ಹೊಲಿಯುವವಳು. ಅಮ್ಮ ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಮಾತಾಡುವುದು ರೇಡಿಯೋ ಒಂದೇ. ಭತ್ಯೆ ಬಂದರೆ ದಿನಕ್ಕೆರಡು ಗಂಟೆ ಯಾರನ್ನಾದರೂ ಕರೆಸಿಕೊಳ್ಳಬಹುದು. ಪೇಟೆಗೆ ಕೈ ಹಿಡಿದು ಕರೆದೊಯ್ಯಲಿ. ಕೆಲಸವಿಲ್ಲದಿದ್ದರೆ ಸುಮ್ಮನೆ ಕೂತಿರಲಿ, ಎದುರಿಗೊಂದು ಉಸಿರಾಟ ಕೇಳಿಸುತ್ತದಲ್ಲ ಎಂದುಕೊಂಡಿದ್ದಳು.

ಬುಧವಾರ ಹತ್ತಕ್ಕೆ ಬಾಗಿಲು ಬಡಿದ ಸದ್ದು. ಅಂಗಿಯ ಚೀಲವನ್ನು ಚಿಲಕಕ್ಕೆ ನೇತುಹಾಕಿ ಹೋಗುತ್ತಿದ್ದ ಟೈಲರ್ ಮೊದಲ ಸಲ ಒಳಗೆ ಬಂದ.

“ಹೆದರ್ಬೇಡ ಅಕ್ಕ, ನಾನಿದೀನಿ. ನಿಂಗೆ ಯಾರೂ ಇಲ್ಲ ಅಂತ ಸಾಕ್ಷಿ ಹೇಳ್ತೀನಿ.”

ಹಿಂದೆಯೇ ಕೆಳಮನೆಯಾಕೆ. “ಗಂಡಸ್ರ ಸಾಕ್ಷಿ ಯಾರು ನಂಬ್ತಾರೆ, ನಾನೂ ಹೇಳ್ತೀನಿ. ಒಂದಿನ ಇವಳ ಮನೆ ಹೊಸ್ತಿಲು ತುಳಿದಿದ್ರೆ ಕೇಳಿ.”

ನಿವೃತ್ತ ಗುಮಾಸ್ತರು ಬಂದರು. ಕಾನೂನು ನನಗೆ ಬಾಯಿಪಾಠ ಎಂದರು. ಇಸ್ತ್ರಿಯವನು ಹೆಂಡತಿಯನ್ನೂ ಅತ್ತೆಯನ್ನೂ ಕರೆತಂದ. ಮೇಲಿನ ಮಹಡಿಯ ಗಂಡ ಹೆಂಡತಿಯೂ ಇಳಿದು ಬಂದರು. ಅಷ್ಟೊತ್ತಿಗೆ ಕೋಣೆ ಹಬೆಯಾಡುವ ಇಡ್ಲಿಪಾತ್ರೆಯಂತಾಗಿತ್ತು.

“ಇಷ್ಟು ಓರಣವಾಗಿದ್ರೆ ಯಾರೋ ಬಂದು ಮಾಡಿಕೊಡ್ತಾರೆ ಅನ್ಕೋತಾರಮ್ಮ,” ಎಂದು ಗುಮಾಸ್ತರು ಎಲ್ಲವನ್ನೂ ಅಸ್ತವ್ಯಸ್ತ ಮಾಡಿಸಿದರು. ಮಂಚ ಕಿಟಕಿಗೆ ಹೋಯಿತು, ನೀರಿನ ಕೊಡ ಮೂಲೆಗೆ. ರೇಡಿಯೋ ಕಂಡರೆ ಅನುಕೂಲಸ್ಥೆ ಅಂದಾರು ಎಂದು ಅದನ್ನು ಯಾರೋ ಎತ್ತಿಟ್ಟರು. ತನ್ನ ಕೋಣೆಯನ್ನು ಹೆಜ್ಜೆ ಎಣಿಸಿ ಬಲ್ಲ ಗುಂಡಿಯಕ್ಕ ಮೂರನೇ ಹೆಜ್ಜೆಗೇ ಮಂಚಕ್ಕೆ ಕಾಲು ಹೊಡೆದುಕೊಂಡಳು.

“ಹಾಂ, ಸಾಹೇಬ್ರ ಮುಂದೆ ಹಿಂಗೇ ಬೀಳು,” ಎಂದಳು ಕೆಳಮನೆಯಾಕೆ.

ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಬಂದರು. ಒಬ್ಬರು ಸ್ಟೂಲು ಹಾಕಿದರು, ಇನ್ನೊಬ್ಬರು ಚಹಾ ಕೊಟ್ಟರು.

“ಅಡುಗೆ ಯಾರು ಮಾಡ್ತಾರಮ್ಮ?”

“ಅವಳೇ ಸಾರ್,” ಎಂದ ಟೈಲರ್.

“ಔಷಧಿ, ಸಾಮಾನು ತರೋರು?”

“ಯಾರೂ ಇಲ್ಲ ಸಾರ್, ನಾವೆಲ್ಲ ಸಾಕ್ಷಿ,” ಎಂದು ಏಳೆಂಟು ಗಂಟಲು ಒಟ್ಟಿಗೆ ಹೇಳಿದವು.

ಗುಂಡಿಯಕ್ಕ ಕೆಮ್ಮಿದಳು. ನಾಲ್ಕು ಲೋಟ ನೀರು ಮೂಗಿನ ಮುಂದೆ ಬಂದವು.

“ಸಾರ್, ಇವ್ರೆಲ್ಲ ಇವತ್ತೇ—”

“ನೀನು ಸುಮ್ನಿರಕ್ಕ, ನಾವು ಮಾತಾಡ್ತೀವಿ,” ಎಂದ ಟೈಲರ್.

ಪೆನ್ನು ಕಾಗದದ ಮೇಲೆ ಸರಿದಾಡಿತು. ಅಧಿಕಾರಿ ಬರೆದದ್ದನ್ನು ತಾವೇ ಓದಿ ಹೇಳಿದರು: “ಸದಾ ನೆರವಿಗೆ ಇರುವವರು, ಎಂಟು ಜನ. ಭತ್ಯೆಯ ಅಗತ್ಯವಿಲ್ಲ. ಅದೃಷ್ಟವಂತರು ಕಣಮ್ಮ ನೀವು. ನಮ್ಮನೇಲಿ ನಂಗೆ ಜ್ವರ ಬಂದ್ರೂ ಕೇಳೋರಿಲ್ಲ.”

ಅವರು ಹೋದ ಮೇಲೆ ಜಗಳವೆದ್ದಿತು. ನಿನ್ನಿಂದ, ನಿಮ್ಮಿಂದ ಎನ್ನುತ್ತ ಮೆಟ್ಟಿಲಿಳಿದರು. ಒಂದೊಂದಾಗಿ ಬಾಗಿಲುಗಳು ಮುಚ್ಚಿದವು.

ಗುಂಡಿಯಕ್ಕ ನೆಲದ ಮೇಲೆ ತಡಕುತ್ತ ರೇಡಿಯೋ ಹುಡುಕಿದಳು. ಮಂಚದಡಿ ಇಲ್ಲ, ಪೆಟ್ಟಿಗೆಯಲ್ಲಿಲ್ಲ. “ರೇಡಿಯೋ ಎಲ್ಲಿಟ್ರಿ?” ಎಂದು ಮೆಟ್ಟಿಲ ತುದಿಯಿಂದ ಎರಡು ಸಲ ಕೂಗಿದಳು. ಕೆಳಗೆ ಯಾರದೋ ಒಗ್ಗರಣೆ ಚಟಪಟ ಎಂದಿತು, ಅಷ್ಟೇ.

ವಾಪಸು ಬರುವಾಗ ಪಾದಕ್ಕೆ ಏನೋ ತಾಕಿತು. ಪೆನ್ನು. ಸಾಹೇಬರದ್ದು.

ಪೆನ್ನಿಗಾಗಿಯಾದರೂ ಬಂದೇ ಬರುತ್ತಾರೆ. ಅವಳು ಬಾಗಿಲು ತೆರೆದಿಟ್ಟು ಕೂತಳು. ಹೇಳಬೇಕಾದ ಮಾತನ್ನು ಅಂಗಿಯ ಗುಂಡಿಗಳಂತೆ ಸಾಲಾಗಿ ಜೋಡಿಸಿಕೊಂಡಳು. ನಾಲ್ಕರ ಹೊತ್ತಿಗೆ ಹೆಜ್ಜೆ ಸದ್ದು ಕೇಳಿಸಿತು.

“ಈಗ ನೋಡಿ ಸಾರ್, ಯಾರಿದ್ದಾರೆ? ದಿನಾ ಹಿಂಗೇ. ಅವ್ರೆಲ್ಲ ಬಂದಿದ್ದು ಇವತ್ತೊಂದೇ ದಿನ. ಎತ್ತಿಟ್ಟ ರೇಡಿಯೋ ತೆಗೆದುಕೊಡೋಕೂ ಯಾರೂ ಇಲ್ಲ.”

ಅಧಿಕಾರಿ ಒಳಗೆ ಬಂದರು. ಸ್ಟೂಲು ಎಳೆದ ಸದ್ದು. “ಅಟ್ಟದ ಮೇಲಿದೆಯಲ್ಲಮ್ಮ,” ಎಂದು ಇಳಿಸಿ, ಧೂಳು ಒರೆಸಿ, ಅವಳ ಕೈಗಿತ್ತರು. ಆಮೇಲೆ ಪೆನ್ನು ಇಸಿದುಕೊಂಡು ಕಾಗದ ಬಿಡಿಸಿದರು. ಏನನ್ನೋ ಹೊಡೆದುಹಾಕಿ ಬರೆದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

“ತಿದ್ದಿದ್ರಾ ಸಾರ್?”

“ತಿದ್ದಿದೆ. ಸುಳ್ಳು ಲೆಕ್ಕ ಬರೆಯೋನಲ್ಲ ನಾನು,” ಎಂದರು ಅವರು. “ಎಂಟು ಅಂತಿತ್ತು. ಒಂಬತ್ತು ಮಾಡಿದೆ.”