ಮಾವನ ಅಳತೆಯ ಕೋಲು

ಅರ್ಧ ಅಂಗುಲದ ವಿಷಯಕ್ಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನವರ ಜೊತೆ ಜಗಳ ಆಡಿ, ಮೂರು ಕಡೆಯೂ ಗೆದ್ದೆ ಅಂತ ಹೇಳಿಕೊಂಡು ಓಡಾಡಿದವರು ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ! ಗಡಿಕಲ್ಲಿನ ಜಗಳವಲ್ಲ, ಬದುವಿನ ಜಗಳವೂ ಅಲ್ಲ. ಗಾಲ್ಫ್ ಕೋಲಿನ ಜಗಳ. ನಗಿ, ಧಾರಾಳವಾಗಿ ನಗಿ. ನೊಣವಿನಕೆರೆ ಹತ್ತಿರದ ತೆಂಗಿನ ತೋಟದಲ್ಲಿ ಪಂಚೆ ಎತ್ತಿ ಕಟ್ಟಿ ಗಾಲ್ಫ್ ಆಡುವ ಮನುಷ್ಯನನ್ನು ಕಂಡರೆ ನಗದೆ ಇನ್ನೇನು ಮಾಡುತ್ತೀರಿ? ಮಾವ ಅದಕ್ಕೆಲ್ಲ ಕ್ಯಾರೇ ಅನ್ನುತ್ತಿರಲಿಲ್ಲ.

ಮಾವ ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ಕೋಲು ರಿಪೇರಿ ಮಾಡಿಕೊಂಡಿದ್ದವರು. ದೊಡ್ಡ ಮನುಷ್ಯರು ಮುರಿದು ತಂದದ್ದನ್ನು ಅಂಟಿಸುವುದು, ಹಿಡಿಗೆ ತೊಗಲು ಸುತ್ತುವುದು, ಉದ್ದ ಹೆಚ್ಚಾಯಿತು ಅಂದರೆ ಕತ್ತರಿಸುವುದು, ತಲೆ ಹಗುರವಾಯಿತು ಅಂದರೆ ಸೀಸ ತುಂಬುವುದು. ಆಡುವ ಹಾಗೆ ಮಾತ್ರ ಇಲ್ಲ! ಒಂದು ದಿನ ರಿಪೇರಿಯಾದ ಡ್ರೈವರನ್ನು ಪರೀಕ್ಷೆಗೆಂದು ಗಾಳಿಯಲ್ಲಿ ಬೀಸಿದರಂತೆ. ಡ್ರೈವರ್ ಅಂದರೆ ಬಸ್ಸಿನವನಲ್ಲ ಮತ್ತೆ. ಚೆಂಡನ್ನು ಎಲ್ಲಕ್ಕಿಂತ ದೂರ ಕಳಿಸುವ, ಎಲ್ಲಕ್ಕಿಂತ ಉದ್ದದ, ಮರದ ತಲೆಯ ಕೋಲು. ನಮ್ಮ ಮಾವನೋ ನಾಲ್ಕು ಮುಕ್ಕಾಲು ಅಡಿ. ವರಾಂಡದಲ್ಲಿ ಕೂತಿದ್ದ ಸೆಕ್ರೆಟರಿ ಸಾಹೇಬರು, "ಕೋಲೇ ನಿನ್ನನ್ನ ಬೀಸ್ತಾ ಇದೆಯಲ್ಲಯ್ಯ! ನೀನು ಹೊಡೆದರೆ ಚೆಂಡು ಎದುರಿನ ಹಳ್ಳ ಕೂಡ ದಾಟೋದಿಲ್ಲ" ಅಂದರಂತೆ. ಸುತ್ತ ಇದ್ದವರೆಲ್ಲ ನಕ್ಕರಂತೆ. ತಿಂಗಳು ಮುಗಿಯುವುದರೊಳಗೆ ಮಾವ ಕೆಲಸ ಬಿಟ್ಟು ಊರಿಗೆ ಬಂದರು. ತಂದದ್ದು ಒಂದು ಟ್ರಂಕು, ಪೊದೆಯಲ್ಲಿ ಸಿಕ್ಕ ಒಂದು ಚೀಲ ಹಳೇ ಚೆಂಡು, ತಲೆ ಸೀಳಿದೆ ಅಂತ ಯಾರೋ ಎಸೆದಿದ್ದ ಒಂದು ಡ್ರೈವರ್.

"ಕೋಲಿನ ಅಳತೆಗೆ ನಾನು ಬೆಳೆಯಾಕಾಗಾಕಿಲ್ಲ. ನನ್ನ ಅಳತೆಗೆ ಕೋಲು ಬರ್ಬೇಕು. ಆ ಹಳ್ಳ ದಾಟಿಸ್ದೆ ನಾನು ಸಾಯಾಕಿಲ್ಲ!" ಎಂದು ಅತ್ತೆಯ ಮುಂದೆ ಶಪಥ ಮಾಡಿದರು.

"ಆಗ್ಲಿ, ಮೊದ್ಲು ತೋಟಕ್ಕೆ ನೀರು ಕಟ್ಟಿ" ಅಂದರು ಅತ್ತೆ.

ನಾನು ಆಗ ತುರುವೇಕೆರೆಯಲ್ಲಿ ಸ್ಕೂಲ್ ಟೀಚರ್. ತಿಂಗಳಿಗೊಂದು ಭಾನುವಾರ ಮಾವನ ಮನೆಗೆ ಹೋದಾಗಲೆಲ್ಲ ಈ ಶಪಥ ಎಲ್ಲಿಗೆ ಬಂತು ಅಂತ ನೋಡುವ ಭಾಗ್ಯ ನನ್ನದು. ಮೊದಲನೇ ಸಲ ಹೋದಾಗ ಕೋಲು ಮೂರು ಅಂಗುಲ ಗಿಡ್ಡವಾಗಿತ್ತು. ಮಾವ ಬರಿಗಾಲಲ್ಲಿ ನೆಲದ ಮೇಲೆ ನೆಟ್ಟಗೆ ನಿಂತು, ಮುಂಗೈಯಿಂದ ನೆಲದವರೆಗೆ ಅಳೆದು, ನೂಲು ಹಿಡಿದು ಕತ್ತರಿಸಿದ್ದರು. ಉದ್ದವೇನೋ ಸರಿಹೋಯಿತು, ಆದರೆ ಕೋಲಿಗೆ ತಲೆ ಇದೆ ಅನ್ನುವುದೇ ಕೈಗೆ ತಿಳಿಯುತ್ತಿರಲಿಲ್ಲ. ಗಿಡ್ಡ ಮಾಡಿದಷ್ಟೂ ತಲೆಗೆ ಭಾರ ಸೇರಿಸಬೇಕು, ಅದು ಈ ಕಸುಬಿನ ಕಾಟ. ಹುಳಿಯಾರು ಸಂತೆಯಿಂದ ಸೀಸ ತಂದರು. ಕರಗಿಸಿದ್ದು ಯಾವುದರಲ್ಲಿ ಅಂತೀರಿ? ಅತ್ತೆಯ ಒಗ್ಗರಣೆ ಸೌಟಿನಲ್ಲಿ! ಅತ್ತೆ ಆ ಸೌಟನ್ನು ತಿಪ್ಪೆಗೆ ಎಸೆದು ಒಂದು ವಾರ ಒಗ್ಗರಣೆಯೇ ಇಲ್ಲದ ಸಾರು ಬಡಿಸಿದರು. ಮಾವ ಬಗ್ಗಲಿಲ್ಲ. "ಸಾರು ಬೋ ಚೆನ್ನಾಗೈತೆ" ಎಂದು ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ತೂಗಲು ತಿಪಟೂರಿನ ಕೊಬ್ಬರಿ ಮಂಡಿಗೆ ಹೋದರು. ಮಂಡಿಯವನು ಕೋಲನ್ನು ತಕ್ಕಡಿಗೆ ಹಾಕಿ, "ಎಷ್ಟಿರ್ಬೇಕು ಯಜಮಾನ್ರೇ?" ಎಂದ.

"ಎಷ್ಟೈತೆ ಅನ್ನೋದಲ್ಲ ಕಣಪ್ಪ, ಭಾರ ಎಲ್ಲೈತೆ ಅನ್ನೋದು ಮುಖ್ಯ."

"ಎಲ್ಲೈತೆ ಅಂದ್ರೆ? ತಕ್ಕಡೀಲೇ ಐತಲ್ಲ!"

ಅವನ ತಿಳುವಳಿಕೆಗೆ ಮರುಗಿ ಮಾವ ವಾಪಸ್ಸು ಬಂದರು. ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿ ತಾವೇ ಒಂದು ತೂಗುಕೋಲು ಮಾಡಿದರು. ಒಂದು ಕಡೆ ಡ್ರೈವರು, ಇನ್ನೊಂದು ಕಡೆ ಅಟ್ಟದಿಂದ ತೆಗೆದ ಒಂದು ಉಂಡೆ ಕೊಬ್ಬರಿ. ಕೈಗೆ ಹಿತವಾದ ದಿನ ಕೋಲು ಆ ಕೊಬ್ಬರಿಗೆ ಸರಿಸಮ ತೂಗಿತಂತೆ. ಅಂದಿನಿಂದ ಆ ಕೊಬ್ಬರಿಯೇ ಕಾನೂನು. ತೋಟದಲ್ಲಿ ಚೆಂಡು ಹೊಡೆದರೆ, ಸೋಗೆ ಆಯುತ್ತಿದ್ದ ಅತ್ತೆ ಆ ತುದಿಯಿಂದ "ಹದಿನಾಲ್ಕು ಮರ!" ಎಂದು ಕೂಗುತ್ತಿದ್ದರು. ಗಜದ ಲೆಕ್ಕ ನಮ್ಮ ಮನೆಯಲ್ಲಿ ಇರಲಿಲ್ಲ.

ಆಮೇಲೆ ನೋಡಿ, ಗ್ರಹಚಾರ ಶುರುವಾಯಿತು. ಪ್ರತಿ ತಿಂಗಳೂ ತೂಗುಕೋಲಿನಲ್ಲಿ ಡ್ರೈವರಿನ ಕಡೆಯೇ ಕೆಳಗಿಳಿಯುತ್ತಿತ್ತು. ಮಾವ ಪ್ರತಿ ತಿಂಗಳೂ ಒಂದಿಷ್ಟು ಸೀಸ ಕೆರೆದು ತೆಗೆಯುತ್ತಿದ್ದರು. ಹದಿನಾಲ್ಕು ಮರ ಹನ್ನೊಂದಾಯಿತು, ಎಂಟಾಯಿತು. ಮರದ ತಲೆ ಮಳೆಯ ನೀರು ಕುಡಿದಿದೆ, ಹುಳಿಯಾರಿನವನು ಕೆಟ್ಟ ಸೀಸ ಕೊಟ್ಟಿದ್ದಾನೆ, ಶೆಟ್ಟಿಕೆರೆಯ ಬಡಗಿ ಸೀಳನ್ನು ಸರಿಯಾಗಿ ಬೆಸೆದಿಲ್ಲ! ಬಡಗಿಯ ಅಂಗಳಕ್ಕೇ ಹೋಗಿ ಕೂಗಾಡಿ ಬಂದರು. ನಾನು ಒಂದು ಭಾನುವಾರ ಆ ಕೊಬ್ಬರಿಯನ್ನು ಕೈಗೆತ್ತಿಕೊಂಡು ಕುಲುಕಿ, "ಮಾವ, ಇದು ಅಟ್ಟದಿಂದ ತೆಗೆದಾಗ ಪೂರ್ತಿ ಒಣಗಿತ್ತಾ?" ಎಂದೆ.

ಮಾವ ಕೊಬ್ಬರಿ ನೋಡಿದರು, ನನ್ನನ್ನು ನೋಡಿದರು. ಹಸಿಯುಂಡೆ ತಿಂಗಳು ತಿಂಗಳೂ ಒಣಗಿ ಹಗುರವಾಗುತ್ತಾ ಬಂದಿತ್ತು, ಕೋಲು ಪಾಪ ಒಂದು ಚೂರೂ ಭಾರ ಏರಿರಲಿಲ್ಲ! ಹುಟ್ಟಿದಾಗಿನಿಂದ ಕೊಬ್ಬರಿಯ ನಡುವೆಯೇ ಬೆಳೆದ ಮನುಷ್ಯ! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ನಗ್ತೀಯಾ ನಗು. ತಪ್ಪು ನಂದಲ್ಲ, ಕೊಬ್ಬರೀದು" ಎಂದು ಅದನ್ನು ಒಡೆದು, ನನಗೂ ಒಂದು ಚೂರು ಬೆಲ್ಲದ ಜೊತೆ ಕೊಟ್ಟು, ಮಾರನೆಯ ದಿನವೇ ಹೊಸದಾಗಿ ಸೀಸ ಹುಯ್ದರು. ಈ ಸಲ ಎದುರುತೂಕಕ್ಕೆ ಕಲ್ಲು.

ಇಷ್ಟರಲ್ಲಿ ಅಳತೆಯ ಹುಚ್ಚು ಕೋಲಿನಿಂದಾಚೆಗೂ ಹಬ್ಬಿತ್ತು. ಕಾಯಿ ಕೀಳುವವನು ಬಿದಿರಿನ ಗಳು ಭಾರ ಅಂದನಂತೆ. ಅವನು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮಾವ ಬುಡದಿಂದ ಎರಡು ಅಡಿ ಕತ್ತರಿಸಿಬಿಟ್ಟರು.

"ಈಗ ನೋಡ್ಲಾ, ಕೈಗೆ ಹೆಂಗೈತೆ?"

"ಕೈಗೇನೋ ಹಿತ್ವಾಗೈತೆ ಯಜಮಾನ್ರೇ, ಕಾಯೇ ಸಿಗಾಕಿಲ್ಲ!"

ಕೊನೆಗೊಂದು ದಿನ ಬೆಂಗಳೂರಿನಿಂದ ಮಾವನ ಹಳೆಯ ಜೊತೆಗಾರನ ಕಾಗದ ಬಂತು. ಕ್ಲಬ್ಬಿನಲ್ಲಿ ಹಳೆಯ ಕೆಲಸಗಾರರಿಗೆಂದು ಒಂದು ದಿನ ಆಟ ಇಟ್ಟಿದ್ದಾರಂತೆ. "ನೀನೂ ಬಾ ನನ್ನ ಜೊತೆ" ಎಂದರು ಮಾವ. ಅಲ್ಲಿ ಬೂಟು ಕಡ್ಡಾಯ ಅಂತ ಕಾಗದದಲ್ಲಿತ್ತು. ನಮ್ಮ ಡ್ರಿಲ್ ಮೇಷ್ಟ್ರ ಕಾಲೂ ಮಾವನ ಕಾಲಷ್ಟೇ ಚಿಕ್ಕದು. ಅವರ ಕ್ಯಾನ್ವಾಸ್ ಬೂಟು ಬೇಡಿ ತಂದೆ.

ಮಾವನ ಸರದಿ ಬಂತು. ಎದುರಿಗೆ ಆ ಹಳ್ಳ. ವರಾಂಡದಲ್ಲಿ ಅದೇ ಸೆಕ್ರೆಟರಿ ಸಾಹೇಬರು ಎಂದು ಮಾವನ ಜೊತೆಗಾರ ನನಗೆ ತೋರಿಸಿದ, ತಲೆ ಬೆಳ್ಳಗಾಗಿತ್ತು. ಮಾವ ಒಂದು ಸಲ ಸುಮ್ಮನೆ ಬೀಸಿ ನೋಡಿದರು, ನಿಂತರು, ಕಾಲು ನೋಡಿಕೊಂಡರು. ಬರಿಗಾಲಿನ ಅಳತೆಯ ಕೋಲು! ಬೂಟಿನ ಮೇಲೆ ನಿಂತ ಮಾವ ಅರ್ಧ ಅಂಗುಲ ಎತ್ತರ, ಕೋಲು ನೆಲಕ್ಕೆ ಎಟುಕದು!

"ಚೆಂಡನ್ನ ಸ್ವಲ್ಪ ಎತ್ತರಕ್ಕೆ ಇಡಿ, ಸರಿಹೋಗುತ್ತೆ" ಎಂದ ಅಲ್ಲಿದ್ದ ಮೇಲ್ವಿಚಾರಕ.

"ಇಪ್ಪತ್ತು ವರ್ಷ ನಿಮಗೆ ಹೊಂದಿಕೊಂಡಿದ್ದಾಯ್ತು. ಇವತ್ತು ನಾನೇನೂ ಎತ್ತಿ ಇಳಿಸಾಕಿಲ್ಲ" ಎಂದು ಮಾವ ಬೂಟು ಬಿಚ್ಚತೊಡಗಿದರು. ಬರಿಗಾಲಲ್ಲಿ ಆಡುವಂತಿಲ್ಲ, ಅದು ರೂಲು ಎಂದ ಅವನು. ಮಾವ ಸೊಂಟದಲ್ಲಿದ್ದ ಚಾಕು ತೆಗೆದು, ಅಲ್ಲೇ ಹುಲ್ಲಿನ ಮೇಲೆ ಕೂತು, ಎರಡೂ ಬೂಟಿನ ಅಡಿಯ ರಬ್ಬರನ್ನು ಸುತ್ತ ಕೊಯ್ದು ಪಕ್ಕಕ್ಕಿಟ್ಟರು. ಉಳಿದ ಮೇಲುಭಾಗವನ್ನು ಕಾಲಿಗೇರಿಸಿ ಲಾಡಿ ಬಿಗಿದು ಎದ್ದುನಿಂತು, "ಬೂಟು ಹಾಕಿವ್ನಿ. ನೋಡ್ಕಳಿ" ಎಂದರು. ಮೇಲ್ವಿಚಾರಕ ರೂಲುಪುಸ್ತಕ ತಿರುವಿದ. ಅಡಿ ಇರಬೇಕು ಅಂತ ಎಲ್ಲೂ ಬರೆದಿರಲಿಲ್ಲ! (ಡ್ರಿಲ್ ಮೇಷ್ಟ್ರು ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟದ್ದು ಬೇರೆ ವಿಷಯ.)

ಮಾವ ಬೀಸಿದರು. ಟಕ್ ಅಂತ ಒಂದೇ ಒಂದು ಶಬ್ದ. ಚೆಂಡು ಹಳ್ಳ ದಾಟಿತು. ನಾನು ಕಣ್ಣಾರೆ ಕಂಡೆ, ದಾಟಿತು! ವರಾಂಡದವರೆಲ್ಲ ಚಪ್ಪಾಳೆ ತಟ್ಟಿದರು, ಸೆಕ್ರೆಟರಿ ಸಾಹೇಬರು ಎದ್ದು ನಿಂತು ತಟ್ಟಿದರು. ಮಾವ ಆ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ಹೊಡೆತಕ್ಕೂ ನಿಲ್ಲದೆ ಕೋಲನ್ನು ಗೋಣಿಚೀಲಕ್ಕೆ ಸುತ್ತಿ, "ನಡೀ ರೈಲಿಗೆ" ಎಂದರು. ಎಂಥ ಸೊಕ್ಕು ಅಂದುಕೊಂಡೆ. ಒಳಗೊಳಗೇ ನನಗೂ ಅಷ್ಟೇ ಸೊಕ್ಕು ಬಂದಿತ್ತು.

ರೈಲು ತುಮಕೂರು ದಾಟಿತು. ಮಾವ ನನ್ನ ಕಡೆ ಬಗ್ಗಿ, ಪಕ್ಕದವರಿಗೆ ಕೇಳಿಸದ ಹಾಗೆ, "ಎಲ್ಲಿ ಬಿತ್ತೇ ಅದು?" ಎಂದರು.

"ಯಾವುದು ಮಾವ?"

"ಚೆಂಡು ಕಣವ್ವ. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದೈತೆ. ಕಾಲ್ಬುಡದಾಗಿರೋದು ಕಾಣ್ತದೆ, ಅದರಾಚೆಗೆಲ್ಲ ಬರೀ ಮಂಜು. ನಿಮ್ಮತ್ತೆಗೂ ಹೇಳಿಲ್ಲ. ಆ ಕ್ಲಬ್ಬಿನೋರು ಮರ್ಯಾದಸ್ಥರು, ಹಳ್ಳಕ್ಕೆ ಬಿದ್ರೂ ಚಪ್ಪಾಳೆ ತಟ್ತಾರೆ. ನೀನಾದ್ರೆ ಸುಳ್ಳು ಹೇಳಾಕಿಲ್ಲ, ಮುಖದ ಮುಂದೇನೇ ನಕ್ಕುಬುಡ್ತೀಯ. ಅದಕ್ಕೇ ಕರ್ಕೊಂಡ್ ಬಂದೆ. ಹೇಳು, ದಾಟ್ತಾ?"

ನನಗೆ ಇಷ್ಟು ದಿನ ನಕ್ಕದ್ದಕ್ಕೆ ನಾಚಿಕೆಯಾಯಿತು, ಕಣ್ಣಿದ್ದದ್ದಕ್ಕೆ ಸಂತೋಷವೂ ಆಯಿತು. "ದಾಟ್ತು ಮಾವ" ಎಂದೆ. ಹೇಗೆ ಎದ್ದಿತು, ಎಷ್ಟು ನೆಟ್ಟಗೆ ಹೋಯಿತು, ಹಳ್ಳದಿಂದ ಎಷ್ಟು ಮುಂದೆ ಬಿದ್ದು ಎರಡು ಸಲ ಪುಟಿದು ನಿಂತಿತು, ಎಲ್ಲ ಹೇಳಿದೆ. ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು. ಗುಬ್ಬಿಯಲ್ಲಿ "ಇನ್ನೊಂದ್ ಸಲ ಹೇಳು" ಎಂದರು, ಹೇಳಿದೆ. ನಿಟ್ಟೂರಿನಲ್ಲಿ ಮತ್ತೆ ಹೇಳಿದೆ. ಬಾಣಸಂದ್ರ ಬಂತು. ತುರುವೇಕೆರೆಗೆ ನಾನು ಅಲ್ಲೇ ಇಳಿಯಬೇಕು. ಇಳಿಯಲಿಲ್ಲ.

ರೈಲು ಹೊರಟಿತು. "ಹೂಂ, ಹಳ್ಳದ ಮೇಲಕ್ಕೆ ಬಂತು. ಆಗ?" ಎಂದರು ಮಾವ.

"ಆಗಲೂ ಇನ್ನೂ ಮೇಲಕ್ಕೇ ಏರ್ತಾ ಇತ್ತು, ಮಾವ" ಎಂದೆ.