ಎಂಟು ಮಂದಿ, ಒಂದು ಕಾರು, ಒಂದು ತಂಬಿಗಿ

ಮೂರು ಸಾವಿರದ ಎಂಟುನೂರು ರೂಪಾಯಿ ಕೊಟ್ಟು ತಂದ ಕಾರು ನಮ್ಮ ಬಾಗಿಲಲ್ಲಿ ಉಳಿಯಬೇಕೋ, ಹತ್ತಿ ಗಿರಣಿಯವರ ಬಾಗಿಲಿಗೆ ಹೋಗಬೇಕೋ ಎಂಬುದೇ ಆ ಬೇಸಿಗೆಯ ಸೌದಾ. ಸೌದಾ ಹಾಕಿದವಳು ನನ್ನ ಹೆಂಡತಿ. ಕಾರು ಮನೆಗೆ ಬಂದ ಮೇಲೆ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅವೇ ಹಾರ್ನ್ ಹೊಡೆದು ಬರುತ್ತವೆ.

ಸಿಂದಗಿಯಲ್ಲಿ ನಮ್ಮದು ಕಾಳುಕಡಿಯ ಅಡತಿ ಅಂಗಡಿ, ರೈತರ ಮಾಲು ಮಾರಿಸಿ ಕಮಿಷನ್ನು ಹಿಡಿಯುವ ದಂಧೆ. ಕಾರು ವಿಜಾಪುರದಿಂದ ವರ್ಗವಾಗಿ ಹೊರಟಿದ್ದ ಸಾಹೇಬರೊಬ್ಬರದು. ವಿಲಾಯತಿ ಮಾಲು, ಎಮ್ಮೆಯಷ್ಟು ಕಪ್ಪು, ಎಮ್ಮೆಯಷ್ಟೇ ಗಟ್ಟಿ. ಹೆಂಡತಿಯನ್ನು ಕೇಳದೆ ತಂದೆ. ಆಕೆಗೆ ಆ ರೊಕ್ಕದಲ್ಲಿ ಅಡುಗೆಮನೆಯ ಮಾಳಿಗೆ ಹೊಸದಾಗಿ ಹಾಕಿಸುವುದಿತ್ತು. ಮೂರನೆಯ ದಿನ ರೊಟ್ಟಿ ಬಡಿಯುತ್ತಲೇ ಕರಾರು ಹೇಳಿದಳು.

"ಬ್ಯಾಸಗಿ ಮುಗಿಯೂದ್ರಾಗ ಮನಿ ಮಂದೀನ್ನೆಲ್ಲಾ ನಾಕು ಕಡೆ ಕರಕೊಂಡು ಹೋಗಿ ಬರ್ರಿ. ಒಯ್ದದ್ದೆಲ್ಲಾ ತಿರುಗಿ ಮನಿಗೆ ಬರಬೇಕು. ಒಂದು ಚಮಚಾ ಹಿಂದ ಉಳೀತಂದ್ರೂ ಗಾಡಿ ಗಿರಣಿಯವರಿಗೆ. ನಾ ಆಗಲೇ ಅವರ ಮನಿಯಾಕಿ ಮುಂದ ಮಾತು ತಗದೇನಿ."

ಆಕೆ ಸುಮ್ಮನೆ ಹೇಳಿದ್ದಲ್ಲ. ಬಸ್ಸಿನಲ್ಲಿ ಛತ್ರಿ, ಛತ್ರದಲ್ಲಿ ಧೋತರ, ಕಚೇರಿಯಲ್ಲಿ ಚಪ್ಪಲಿ ಬಿಟ್ಟು ಬಂದವನೆಂದು ನನಗೆ ಮೊದಲೇ ಹೆಸರಿತ್ತು. ಆದರೂ ಒಪ್ಪಿದೆ. ಹೊರಡುವವರು ಎಂಟು ಮಂದಿ: ನಾನು, ಹೆಂಡತಿ, ನಮ್ಮವ್ವ, ನಾಲ್ಕು ಮಕ್ಕಳು, ಮತ್ತು ಡ್ರೈವರು. ಡ್ರೈವರು ನಮ್ಮೂರಿನವರೇ, ಲಾರಿ ಓಡಿಸಿ ಪಳಗಿದ ಹಿರಿಯ ಸಾಬರು. ಮನೆಯವರೆಲ್ಲ ಚಾಚಾ ಅನ್ನುತ್ತಿದ್ದರು.

೧. ಒಡೆಯುವ ಸಾಮಾನು

ಮೊದಲ ಪಯಣ ಇಂಡಿಗೆ, ಹೆಂಡತಿಯ ಅಣ್ಣನ ಮನೆಗೆ. ಗೋದಾಮಿನಲ್ಲಿ ಮುನ್ನೂರು ಚೀಲ ಹಚ್ಚಿದವನಿಗೆ ಒಂದು ಕಾರು ತುಂಬುವುದು ಯಾವ ಲೆಕ್ಕ ಎಂದುಕೊಂಡೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಅಂಗಡಿಯಲ್ಲಿ ಮಾಲಿನ ಚೀಲಕ್ಕೆ ಕಟ್ಟುವ ಹಾಗೆ ಒಂದೊಂದು ಸಾಮಾನಿಗೂ ಒಂದೊಂದು ಚೀಟಿ ಬರೆದು ಕಟ್ಟಿದೆ. ರೊಟ್ಟಿ ಗಂಟಿಗೆ, ಶೇಂಗಾ ಚಟ್ನಿ ಡಬ್ಬಿಗೆ, ನೀರಿನ ಕೊಡಕ್ಕೆ, ಹಿತ್ತಾಳಿ ತಂಬಿಗಿಗೆ, ಚಾಪೆಗೆ, ಎಲ್ಲಕ್ಕೂ. ಕಂದೀಲಿಗೆ ಕಟ್ಟಿದ ಚೀಟಿ ಸ್ವಲ್ಪ ಉದ್ದ: "ಒಡೆಯುವ ಸಾಮಾನು. ಇಬ್ಬರು ಹಿಡಿದು ಸಾವಕಾಶ ಇಳಿಸಬೇಕು. ಮೇಲೆ ಭಾರ ಇಡಬಾರದು."

ದಾರಿಯಲ್ಲಿ ನನ್ನ ಎರಡನೆಯ ಮಗ ಆ ಚೀಟಿ ಬಿಚ್ಚಿ, ತೂಕಡಿಸುತ್ತಿದ್ದ ನಮ್ಮವ್ವನ ಬೆನ್ನ ಮೇಲಿನ ಸೆರಗಿಗೆ ಪಿನ್ನು ಹಾಕಿ ಸಿಗಿಸಿದ. ಅವ್ವನಿಗೆ ಓದು ಬಾರದು. ನಾನು ಮುಂದೆ ಕುಳಿತವನು, ಕಾಣಲಿಲ್ಲ.

ಇಂಡಿಯಲ್ಲಿ ಬಾಗಿಲಿಗೆ ಬಂದವರು ಓದಿದರು. ಚೀಟಿ ನನ್ನ ಅಕ್ಷರದಲ್ಲಿತ್ತು. ಮುದುಕಿಗೆ ಏನೋ ಆಗಿದೆ, ಬಾಯಿಬಿಟ್ಟು ಹೇಳಲಾರದೆ ಮಗ ಬರೆದು ಹಚ್ಚಿದ್ದಾನೆ ಎಂದು ತಿಳಿದರು. ಇಬ್ಬರು ಬಂದು ಎರಡೂ ಕೈ ಹಿಡಿದು ಇಳಿಸಿದರು. ಪಡಸಾಲೆಯ ಮಂಚ ಇಡೀ ದಿನ ಅವಳೊಬ್ಬಳಿಗೇ. ಮೊಮ್ಮಗಳು ತೊಡೆ ಏರಲು ಹೋದರೆ ನಾಲ್ಕು ಮಂದಿ ಓಡಿ ಬಂದು ಎತ್ತಿಕೊಂಡರು. ನನ್ನ ಹತ್ತಿರ ಯಾರೂ ಏನೂ ಕೇಳಲಿಲ್ಲ, ಮರ್ಯಾದೆಯ ಮಂದಿ.

ಸಂಜೆ ಕಾರಿನಲ್ಲಿ ಒಂದು ಚೀಲ ಲಿಂಬೆಹಣ್ಣು ಹೇರಿ ಕಳಿಸಿದರು. ಅವ್ವ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದಳು: "ಮಂದಿ ಅಂದ್ರ ಇಂಡಿ ಮಂದಿನಪಾ. ಈಟು ವರ್ಷದಾಗ ನೀ ಒಂದಿನಾರ ನನ್ನ ಹಂಗ ಇಳಿಸೀಯೇನು?"

ಚೀಟಿ ಕಳೆದುಕೊಂಡ ಕಂದೀಲಿನ ಗಾಜು ಮಾತ್ರ ಲಿಂಬೆಹಣ್ಣಿನ ಚೀಲದ ಕೆಳಗೆ ಸಿಕ್ಕು ಒಡೆದಿತ್ತು. ಚೂರುಗಳನ್ನೆಲ್ಲ ಆರಿಸಿ, ಅರಿವೆಯಲ್ಲಿ ಕಟ್ಟಿ, ಹೆಂಡತಿಯ ಮುಂದಿಟ್ಟೆ. ಒಯ್ದದ್ದು ತಿರುಗಿ ಬರಬೇಕು ಎಂದು ಕರಾರಿತ್ತೇ ಹೊರತು, ಒಡೆಯದೆ ಬರಬೇಕು ಎಂದಿರಲಿಲ್ಲ.

೨. ಹನ್ನೊಂದು ಗಡಿಗಿ

ಎರಡನೆಯದು ಕೊಲ್ಹಾರಕ್ಕೆ. ಕೃಷ್ಣೆಯಲ್ಲಿ ಮುಳುಗು ಹಾಕಿ, ದಂಡೆಯ ಮೇಲೆ ರೊಟ್ಟಿ ಉಂಡು ಬರುವುದೆಂದು ಮಾತಾಯಿತು. ಕೊಲ್ಹಾರದ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ನಾವು ಹೊರಡುವ ಸುದ್ದಿ ಓಣಿಗೆ ತಿಳಿದದ್ದೇ ತಡ, ಬೆಳಗಿನ ಜಾವಕ್ಕೆ ಕಟ್ಟೆಯ ಮೇಲೆ ಹತ್ತು ಮನೆಯ ಹತ್ತು ಮಣ್ಣಿನ ಗಡಿಗೆ ಬಂದು ಕುಳಿತಿದ್ದವು. ನಮ್ಮದೊಂದು ಸೇರಿ ಹನ್ನೊಂದು. ಇಲ್ಲ ಎನ್ನಲು ಬರುತ್ತದೆಯೆ? ಅವರೆಲ್ಲ ನಮ್ಮ ಅಂಗಡಿಯ ಗಿರಾಕಿಗಳು.

ಹೋಗುವಾಗ ಖಾಲಿ ಗಡಿಗೆ, ಒಂದರ ಮೇಲೊಂದು ಕೂರಿಸಿದೆ. ಬರುವಾಗ ತುಂಬಿದ ಗಡಿಗೆ. ತೊಡೆಗೊಂದು, ಕಾಲ ನಡುವೆ ಒಂದು. ಚಾಚಾನಿಗೆ ತಾಕೀತು ಮಾಡಿದೆ, ಎತ್ತಿನ ಗಾಡಿ ಮುಂದೆ ಹೋದರೆ ಹೋಗಲಿ, ನೀವು ಸಾವಕಾಶ ಬಿಡಿ ಎಂದು. ಆತನೋ ತಾನೇ ಮೊಸರು ಹೆಪ್ಪು ಹಾಕಿದವನ ಹಾಗೆ ಫರ್ಲಾಂಗಿಗೊಮ್ಮೆ ಹಿಂದೆ ತಿರುಗಿ, "ಗಡಿಗಿ ಅಲುಗಿದುವೇನ್ರಿ ಅವ್ವಾರ?" ಎಂದು ಕೇಳುತ್ತಿದ್ದ. ಹೀಗೊಮ್ಮೆ ತಿರುಗಿದಾಗ ಎದುರಿಗೆ ಎಮ್ಮೆ ಬಂತು. ಎಮ್ಮೆ ಉಳಿಯಿತು, ನಾವೂ ಉಳಿದೆವು. ಆವತ್ತು ಕಡ್ಡಾಯ ಮಾಡಿದೆ: ಏನೇ ಆಗಲಿ, ಡ್ರೈವರು ಹೆಂಗಸರು ಕುಳಿತ ಕಡೆ ತಿರುಗಿ ನೋಡಬಾರದು.

ಐವತ್ತು ಮೈಲಿ ಕಲ್ಲು ದಾರಿ. ಮನೆ ಮುಟ್ಟಿ ಮುಚ್ಚಳ ತೆಗೆದರೆ ಹನ್ನೊಂದು ಗಡಿಗೆಯಲ್ಲೂ ಮಜ್ಜಿಗೆ, ಮೇಲೆ ಬೆಣ್ಣೆಯ ಉಂಡೆ ತೇಲುತ್ತಿತ್ತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಇಣುಕಿ, ತುಟಿ ಬಿಗಿಹಿಡಿದು ತಮ್ಮ ತಮ್ಮ ಗಡಿಗೆ ಒಯ್ದರು. ಎದುರು ಮನೆಯಾಕೆ ಮಾತ್ರ ತಡೆದುಕೊಳ್ಳಲಿಲ್ಲ.

"ಸಾವಕಾರ್ರ, ಹಿಂಗಽ ಇನ್ನೊಂದು ಇಪ್ಪತ್ತು ಮೈಲಿ ಸುತ್ತು ಹಾಕಿ ಬಂದಿದ್ರ ತುಪ್ಪಽ ಆಕ್ಕಿತ್ತು ನೋಡ್ರಿ."

೩. ಕಿಡಕಿಯ ಸವಾಲು

ಮೂರನೆಯದು ಮುದ್ದೇಬಿಹಾಳಕ್ಕೆ, ನನ್ನ ಅಕ್ಕನ ಮನೆಗೆ. ಹಿಂದಿನ ಸೀಟಿಗೆ ಎರಡು ಕಿಡಕಿ. ಕಾರು ಏರಿದರೆ ಹೆಂಡತಿಗೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ನನ್ನ ಬೆನ್ನ ಹಿಂದಿನ ಕಿಡಕಿ ಆಕೆಗೆ ಕಾಯಂ. ಉಳಿದ ಒಂದಕ್ಕೆ ನಾಲ್ಕು ಮಕ್ಕಳ ಜಗಳ. ಇಂಡಿಗೆ ಹೋಗುವಾಗಲೂ ಜಗಳ, ಕೊಲ್ಹಾರದಿಂದ ಬರುವಾಗಲೂ ಜಗಳ. ನನ್ನ ಕಿವಿ ಹೋದವು.

ನಮ್ಮ ದಂಧೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ಹೇಳುತ್ತೇವೆ. ಯಾರು ಎಷ್ಟು ಕೂಗಿದರೆಂಬುದು ಇನ್ನೊಬ್ಬರಿಗೆ ತಿಳಿಯದು, ಜಗಳವೂ ಇಲ್ಲ. ಕಿಡಕಿಗೂ ಅದೇ ಸವಾಲು, ಅದೇ ಹರಾಜು ಹೂಡಿದೆ. ಒಂದು ಬೆರಳು ಹಿಡಿದರೆ ಹತ್ತು ಮೈಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಹೆಚ್ಚು ಬೆರಳು ಹಿಡಿದವರಿಗೆ ಕಿಡಕಿ. ಬಾನೆಟ್ಟಿನ ಮೇಲೆ ಟವೆಲ್ಲು ಹಾಸಿ ಕೈ ಚಾಚಿದೆ. ಹಿರಿಯವನು ಎರಡು ಬೆರಳು ಹಿಡಿದ. ಎರಡನೆಯವನು ಎರಡೂವರೆ ಹಿಡಿಯಲು ನೋಡಿದ. ಮಗಳು ಮೂರು. ಸಣ್ಣವಳು ಕಿರುಬೆರಳು ಹಿಡಿದು ಜೋತುಬಿದ್ದಳು. ಆಮೇಲೆ ಒಂದು ಒರಟು ಕೈ ಬಂದು ಐದೂ ಬೆರಳನ್ನು ಗಪ್ಪನೆ ಹಿಡಿಯಿತು. ಟವೆಲ್ಲು ಎತ್ತಿದರೆ ನಮ್ಮವ್ವ.

ಐದು ಬೆರಳೆಂದರೆ ಐವತ್ತು ಮೈಲಿ, ಮುದ್ದೇಬಿಹಾಳದ ತನಕ ಪೂರಾ ಮೌನ. ಸವಾಲು ಸವಾಲೇ. ಕಿಡಕಿ ಕೊಟ್ಟೆ. ಕಾರು ಊರ ಅಗಸಿ ಬಾಗಿಲು ದಾಟುವುದರೊಳಗೆ ಅವ್ವ ಬಾಯಿ ತೆರೆದಳು. ಆ ಹೊಲ ಯಾರದು, ಈ ಬಾವಿ ಯಾರು ತೋಡಿಸಿದರು, ಆ ಊರಿಗೆ ಕೊಟ್ಟ ಹುಡುಗಿಯ ಅತ್ತೆ ಎಂಥವಳು. ಹತ್ತು ಮೈಲಿ ತಾಳಿಕೊಂಡು, ಅವ್ವಾ, ಐದು ಬೆರಳು ಹಿಡಿದಿದ್ದಿ ಎಂದು ನೆನಪಿಸಿದೆ.

"ಹಿಡದೀನಿ, ಇಲ್ಲ ಅನ್ನಂಗಿಲ್ಲ. ಹೋಗೂ ಐವತ್ತು ಮೈಲಿನೋ, ಬರೂ ಐವತ್ತು ಮೈಲಿನೋ ಅಂತ ನೀ ಎಲ್ಲಿ ಕೇಳಿದಿ?"

ತಿರುಗಿ ಬರುವಾಗ ಅವ್ವ ಮಾತು ಉಳಿಸಿಕೊಂಡಳು. ಐವತ್ತು ಮೈಲಿ ಗೊರಕೆ ಹೊಡೆದಳು. ಮೂವತ್ತು ವರ್ಷ ಅಡತಿ ಮಾಡಿದವನಿಗೆ ಕರಾರು ಬರೆಯುವುದನ್ನು ಕಲಿಸಿದಳು. ಆವತ್ತೇ ಎರಡು ಕಾಯಿದೆ ಮಾಡಿದೆ: ಕೇಳದೆ ಮಾತಾಡಿದ ಮಕ್ಕಳಿಗೆ ಮುಂದಿನ ಸಲ ಕಿಡಕಿ ಇಲ್ಲ; ಕಾರಿನ ವ್ಯವಸ್ಥೆಯಲ್ಲಿ ಅವ್ವ ಬಾಯಿ ಹಾಕಬಾರದು.

ಮೂರು ಪಯಣ ಮುಗಿದವು. ಒಂದು ಚಮಚಾ ಕೂಡ ಹಿಂದೆ ಉಳಿದಿರಲಿಲ್ಲ. ಗಿರಣಿಯವರು ದಾರಿಯಲ್ಲಿ ಸಿಕ್ಕರೆ ಕಾರಿನ ಕಡೆ ನೋಡುವುದನ್ನು ಬಿಟ್ಟಿದ್ದರು.

೪. ಎಣಿಕೆ ಸರಿ ಇತ್ತು

ಕಡೆಯದು ಬಸವನ ಬಾಗೇವಾಡಿಗೆ, ಹೆಂಡತಿಯ ತಂಗಿಯ ಮನೆಗೆ. ಮಧ್ಯಾಹ್ನ ಹೋಳಿಗೆ, ಕಟ್ಟಿನ ಸಾರು. ಗಟ್ಟಿ ಊಟ. ನಾಲ್ಕು ಗಂಟೆಗೆ ಹೊರಟೆವು. ಆಚೆ ಬಿಸಿಗಾಳಿ ಬೀಸುತ್ತಿತ್ತು. ಹೆಂಗಸರೆಲ್ಲ ಇಲಕಲ್ಲ ಸೀರೆಯ ಸೆರಗನ್ನು ಮುಖದ ತನಕ ಎಳೆದುಕೊಂಡಿದ್ದರು. ನಾನು ಮೇಲಿನ ಕ್ಯಾರಿಯರಿನ ಸಾಮಾನಿಗೆ ಹಗ್ಗ ಬಿಗಿದು ಕೆಳಗಿಳಿದು, ತಲೆ ಎಣಿಸಿದೆ. ಅಡತಿಯಲ್ಲಿ ಮೊದಲನೆಯ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಹೆಂಡತಿಯ ಕಿಡಕಿಯಿಂದ ಹಿಡಿದೆ: ಲಾಭ, ಎರಡು, ಮೂರು, ನಾಲ್ಕು... ನನ್ನನ್ನು ಹಿಡಿದು ಎಂಟು. ಬಿಡ್ರಿ ಗಾಡಿ ಎಂದೆ.

ನನಗೆ ಖುಷಿಯಾಗಿತ್ತು. ಇನ್ನು ಮೂವತ್ತೈದು ಮೈಲಿ ಮುಗಿದರೆ ಕಾರು ನನ್ನದು. ಮುಂದೆ ನೋಡಿಕೊಂಡೇ ಬೆನ್ನ ಹಿಂದಿನ ಹೆಂಡತಿಗೆ ಮಾತು ಹಚ್ಚಿದೆ. ನೋಡಿದಿಯೇನು ವ್ಯವಸ್ಥಾ ಅಂದರೆ ಏನು ಅಂತ ಎಂದೆ. ಮಾಳಿಗೆ ಮುಂದಿನ ವರ್ಷ ನೋಡೋಣ ಎಂದೆ. ಆಕೆ ತಿರುಗಿ ಮಾತಾಡಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಇಷ್ಟು ಶಾಂತವಾಗಿ ಆಕೆ ನನ್ನ ಮಾತು ಕೇಳಿದ್ದೇ ಇಲ್ಲ. ಧೈರ್ಯ ಬಂತು.

"ಎಲ್ಲಾ ಛಲೋ ಆತು," ಎಂದೆ. "ನಿನ್ನ ತಂಗಿ ಮನಿ ಸಾರೊಂದು ಬಾಯಾಗ ಇಡೂ ಹಂಗಿರಲಿಲ್ಲ. ಉಪ್ಪು ಹಾಕ್ಯಾರೋ, ಉಪ್ಪಿನ ಚೀಲಽ ತೊಳದಾರೋ."

ಹಿಂದಿನಿಂದ ಒಂದು ಮುದಿ ದನಿ ಬಂತು.

"ಸಾರು ನಾನಽ ಮಾಡೀನಪಾ."

ತಿರುಗಿ ನೋಡಿದೆ. ಹೆಂಡತಿಯ ಕಿಡಕಿಯಲ್ಲಿ, ಹೆಂಡತಿಯಂಥದೇ ಸೀರೆಯಲ್ಲಿ, ಹಲ್ಲಿಲ್ಲದ ಒಬ್ಬ ಮುದುಕಿ ಕುಳಿತಿದ್ದಳು. ಹೆಂಡತಿಯ ತಂಗಿಯ ಗಂಡನ ಸೋದರತ್ತೆ. ಅವಳ ಮನೆ ನಮ್ಮ ದಾರಿಯ ಮೇಲಿನ ಹಿಪ್ಪರಗಿಯಲ್ಲಿ. ಆ ಕಡೆ ಹೋಗುವ ಗಾಡಿ ಇದ್ದಾಗ ಮುದುಕಿ ಬಸ್ಸಿಗೆ ಯಾಕೆ ನಿಲ್ಲಬೇಕು ಎಂದು, ನಾನು ಹಗ್ಗ ಬಿಗಿಯುವಾಗ, ಖಾಲಿ ಕಂಡ ಜಾಗದಲ್ಲಿ ಮನೆಯವರು ಕೂರಿಸಿಬಿಟ್ಟಿದ್ದರು.

ಕಾರು ನಿಲ್ಲಿಸಿ ವಿಚಾರಣೆ ಮಾಡಿದೆ. ಚಾಚಾ, ಹೆಂಗಸರ ಕಡೆ ತಿರುಗಿ ನೋಡಬಾರದು ಅಂತ ನೀವೇ ಹೇಳೀರಿ ಸಾವಕಾರ್ರ, ಅಂದ. ಮಕ್ಕಳು ನಾಲ್ವರೂ ತುಟಿ ಬಿಗಿದು ಕುಳಿತಿದ್ದರು. ಯಾಕೆ ಹೇಳಲಿಲ್ಲ ಎಂದರೆ, ಈಗ ಮಾತಾಡಿದರೆ ಕಿಡಕಿ ಹೋಗುತ್ತದೇನು ಎಂದು ಹಿರಿಯವನು ಮೊದಲು ಖಾತ್ರಿ ಮಾಡಿಕೊಂಡ. ಅವ್ವನನ್ನು ಕೇಳಿದೆ.

"ನಿನ್ನ ವ್ಯವಸ್ಥಾದಾಗ ಬಾಯಿ ಹಾಕಬ್ಯಾಡ ಅಂದೀದಿ," ಎಂದಳು. "ಹೆಂಡ್ತಿ ಬಿಟ್ಟು ಹೊಂಟಾನಂದ್ರ ಅದಕ್ಕೂ ಒಂದು ಚೀಟಿ ಬರದಿಟ್ಟಿರಬೇಕು ಅಂತ ಸುಮ್ಮನಾದೆ."

ಹನ್ನೊಂದು ಮೈಲಿ ಹಿಂದಕ್ಕೆ ತಿರುಗಿಸಿದೆವು. ಯಾರೂ ಮಾತಾಡಲಿಲ್ಲ, ಕಾಯಿದೆ ಜಾರಿಯಲ್ಲಿತ್ತು.

ಬಾಗೇವಾಡಿಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಹೆಂಡತಿ ಕಾಲು ಚಾಚಿ ಕುಳಿತಿದ್ದಳು. ತಂಗಿ ಚಹಾ ಕೊಟ್ಟಿದ್ದಳು. ಪಕ್ಕದಲ್ಲಿ ನಮ್ಮ ಹಿತ್ತಾಳಿ ತಂಬಿಗಿ, ಚೀಟಿ ಸಮೇತ. ಹಿತ್ತಲ ಬಾವಿ ಕಟ್ಟೆಯ ಮೇಲೆ ಅದನ್ನು ನಾನೇ ಬಿಟ್ಟಿದ್ದೆ. ಅದನ್ನು ತರಲೆಂದೇ ಆಕೆ ಒಳಗೆ ಹೋಗಿದ್ದು.

"ಹಿಂದ ಉಳಿದದ್ದು ಎರಡು ನಗ ಸಾಮಾನು," ಎಂದಳು. "ತಂಬಿಗಿ ಒಂದು, ನಾ ಒಂದು."

ಸಿಂದಗಿ ಮುಟ್ಟುವ ತನಕ ಸೌದಾ ಮುಗಿದಿಲ್ಲ, ತಿರುಗಿ ಬಂದು ಒಯ್ದರೆ ಉಳಿದಂತಲ್ಲ ಎಂದು ನಾನು ವಾದ ಹೂಡಿದೆ. ಆಕೆ ಚಹಾ ಕುಡಿದು ಮುಗಿಸಿದಳು. ನಾನು ಸೋತೆ. ಆಯಿತು, ನಾಳೆಯೇ ಗಿರಣಿಯವರಿಗೆ ಹೇಳಿ ಕಳಿಸುತ್ತೇನೆ ಎಂದೆ.

"ಯಾಕ ಮಾರ್ತೀರಿ?" ಎಂದಳು. "ನೀವು ಹೋದ ಮ್ಯಾಲೆ ಒಂದು ತಾಸು ಕುಂತೇನಿ. ಯಾರೂ ನೀರು ಬೇಡಲಿಲ್ಲ, ರೊಟ್ಟಿ ಬೇಡಲಿಲ್ಲ, ನನ್ನ ಅಂಗಿ ಎಲ್ಲೈತಿ ಅಂತ ಕೇಳಲಿಲ್ಲ. ಇಂಥಾ ಗಾಡಿ ಮಾರತಾರೇನು? ವರ್ಷಕ್ಕೊಮ್ಮೆ ತಂದು ಹಿಂಗಽ ಮರತು ಹೋಗ್ರಿ."

ಎಷ್ಟು ದಿನ ಎಂದೆ. ತಂಗಿ, ತಂಗಿಯ ಗಂಡ, ಮಕ್ಕಳು, ಎಲ್ಲರೂ ನಿಂತು ನೋಡುತ್ತಿದ್ದರು. ಆಕೆ ನನ್ನ ಹೆಗಲ ಮೇಲಿನ ಟವೆಲ್ಲು ಎಳೆದು ನನ್ನ ಕೈ ಮೇಲೆ ಮುಚ್ಚಿದಳು, ಕೆಳಗೆ ತನ್ನ ಕೈ ಇಟ್ಟಳು. ನಾನು ಎರಡು ಬೆರಳು ಹಿಡಿದೆ. ಆಕೆ ಐದೂ ಹಿಡಿದು, ಬಿಟ್ಟು, ಮತ್ತೆ ಮೂರು ಹಿಡಿದಳು. ನಾನು ಒಂದು ಕಡಿಮೆ ಮಾಡಲು ನೋಡಿದೆ. ಬೆರಳು ಹಿಂಡಿದ ರೀತಿಯಲ್ಲೇ ಅದು ಕೊನೆಯ ಬೆಲೆ ಎಂದು ತಿಳಿಯಿತು. ಸೌದಾ ಮುಗಿಯಿತು. ಎಂಟು ದಿನ, ಈ ವರ್ಷದ್ದು ಈಗಿನಿಂದಲೇ ಶುರು.

ಹಿಪ್ಪರಗಿಯ ಮುದುಕಿ ಹೆಂಡತಿಯ ಕಿಡಕಿ ಬಿಟ್ಟು ಇಳಿದಿರಲೇ ಇಲ್ಲ. ಮಧ್ಯಾಹ್ನದ ಸಾರು ಉಳಿದಿದ್ದನ್ನು ಪಾತೇಲಿ ತುಂಬ ತರಿಸಿ, ಸಿಂದಗಿಯ ತನಕ ಚೆಲ್ಲದ ಹಾಗೆ ಹಿಡಿದುಕೋ ಎಂದು ನನ್ನ ತೊಡೆಯ ಮೇಲೆ ಇಡಿಸಿದಳು. ನಾನು ಮತ್ತೊಮ್ಮೆ ತಲೆ ಎಣಿಸಿದೆ. ಲಾಭ, ಎರಡು, ಮೂರು... ಎಂಟು.

ಒಟ್ಟು ಗಳಿಕೆ: ಕಾರು ಒಂದು, ತಂಬಿಗಿ ಒಂದು, ನಿನ್ನ ವ್ಯವಸ್ಥಾ ಎಂದು ಅವ್ವ ಕೈ ಹಾಕದ್ದರಿಂದ ಎಂಟು ದಿನ ನಾನೇ ಬೇಯಿಸಿದ ಅನ್ನ, ಅದಕ್ಕೆ ಒಂದು ಪಾತೇಲಿ ಸಾರು. ಅನ್ನಕ್ಕೆ ಉಪ್ಪು ಹಾಕುವುದನ್ನು ನಾನು ಮರೆತಿದ್ದರಿಂದ ಸಾರಿನ ಉಪ್ಪು ಬರೋಬರಿ ಆಯಿತು.