ಲಗಾಯಿ, ಖಾಯಿ ಮತ್ತು ನಮ್ಮಕ್ಕ

ಕ್ರಿಕೆಟ್ಟಿನಲ್ಲಿ ಒಂದು ತಂಡಕ್ಕೆ ಎಷ್ಟು ಜನ ಅಂತ ನಮ್ಮಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಔಟಾದವನು ತಲೆ ತಗ್ಗಿಸಿಕೊಂಡು ಹೋಗುವುದನ್ನು ಟಿವಿಯಲ್ಲಿ ಕಂಡರೆ "ಪಾಪ, ಹೊಟ್ಟಿ ಹಸದಿರಬೇಕು" ಅನ್ನುತ್ತಾಳೆ. ಆದರೆ ಕ್ರಿಕೆಟ್ ಸಟ್ಟಾದ, ಅಂದರೆ ಬೆಟ್ಟಿಂಗಿನ, ಭಾಷೆಯಲ್ಲಿ ಅವಳನ್ನು ಸೋಲಿಸುವ ಗಂಡಸು ಕೊಪ್ಪಳದಿಂದ ಗಂಗಾವತಿಯ ತನಕ ಹುಡುಕಿದರೂ ಸಿಗುವುದಿಲ್ಲ! ಬೇಕಾದರೆ ಕುಷ್ಟಗಿ, ಯಲಬುರ್ಗಾಗಳನ್ನೂ ಸೇರಿಸಿಕೊಳ್ಳಿ.

ಹಾಗಂತ ಅವಳು ಆಡುತ್ತಾಳೆ ಎಂದುಕೊಳ್ಳಬೇಡಿ. ಒಂದು ಪೈಸೆಯನ್ನೂ ಆಡಿದವಳಲ್ಲ. ಆಡದವಳಿಗೆ ಆ ಭಾಷೆ ಯಾಕೆ ಬೇಕಿತ್ತು? ಊರೂ ಅದನ್ನೇ ಕೇಳಿತು. ಉತ್ತರ ಗೊತ್ತಿದ್ದವನು ನಾನು. ಊರು ಕೇಳುವಾಗ ಬಾಯಿ ಮುಚ್ಚಿಕೊಂಡು ನಿಂತವನೂ ನಾನೇ. ಓದುವಾಗ ನಿಮಗೆ ನಗು ಬಂದರೆ ನಗಿ. ಬರೆಯುತ್ತಿರುವ ನನಗೆ ಮಾತ್ರ ನಗು ಬರುತ್ತಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಕೊಪ್ಪಳದಲ್ಲಿ ಆಟೋ ಓಡಿಸುತ್ತೇನೆ. ಅಕ್ಕ ಗಂಡ ತೀರಿಕೊಂಡ ಮೇಲೆ ಭಾಗ್ಯನಗರದ ನಮ್ಮ ಮನೆಗೆ ಬಂದಳು. ಆಗ ನಾನು ಚಡ್ಡಿ ಹಾಕುವ ಹುಡುಗ. ಅಪ್ಪ ಅವ್ವ ಇಲ್ಲದ ಮನೆಯಲ್ಲಿ ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೇ. ಅವಳದು ಕೂದಲಿನ ಕೆಲಸ. ನಮ್ಮಲ್ಲಿ ಅದು ಮನೆಮನೆಯ ಕಸುಬು: ಊರೂರಿನಿಂದ ಮೂಟೆಗಟ್ಟಿ ಬಂದ ಉದುರುಗೂದಲಿನ ಗಂಟು ಬಿಡಿಸಿ, ಉದ್ದದ್ದು ಗಿಡ್ಡದ್ದು ಬೇರೆ ಮಾಡಿ, ಬಾಚಿ, ಕಟ್ಟು ಕಟ್ಟುವುದು. ಶೆಡ್ಡಿನಲ್ಲಿ ಹೆಂಗಸರೆಲ್ಲ ಸುತ್ತ ಕೂತು ಬೆಳಗಿನಿಂದ ಸಂಜೆಯ ತನಕ ಕೈಯಿಂದ ಕೂದಲನ್ನೂ ಬಾಯಿಂದ ಊರನ್ನೂ ಬಿಡಿಸುತ್ತಿರುತ್ತಾರೆ.

ಮ್ಯಾಚಿನ ಕಾಲದಲ್ಲಿ ನಾನು ಮಧ್ಯಾಹ್ನ ಉಣ್ಣಲು ಬಂದರೆ ಫೋನು ಕಿವಿಯಲ್ಲೇ ಇರುತ್ತಿತ್ತು. "ಏನೈತಿ ರೇಟು? ಲಗಾಯಿ ಹಿಡಿ. ಬ್ಯಾಡ ಬ್ಯಾಡ, ಖಾಯಿ ಅನ್ನು! ಸೆಷನ್ ಯೆಸ್, ಸೆಷನ್ ಯೆಸ್!" ಹೀಗೆ. ಒಂದು ದಿನ ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ಲಗಾಯಿ ಅಂದ್ರ ಏನೋ ತಮ್ಮಾ?"

ಸುಳ್ಳು ನಾಲಿಗೆಯ ತುದಿಯಲ್ಲಿ ತಯಾರಾಗಿಯೇ ಇತ್ತು. "ಆಟೋ ಯೂನಿಯನ್ ಮಾತದು. ಲಗಾಯಿ ಅಂದ್ರ ಸೀಟ್ ತುಂಬಿಸಿಕೊಂಡು ಹೋಗೋದು. ಖಾಯಿ ಅಂದ್ರ ಖಾಲಿ ಬರೋದು."

"ಸೆಷನ್?"

"ಪರ್ಮಿಟ್ ಆಫೀಸಿನ ಕೆಲಸ."

"ಅಯ್ಯ, ಎಷ್ಟರ ತ್ರಾಸ ಐತಿ ನಿಮಗ!" ಎಂದು ಮರುಗಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಸುಳ್ಳಿಗೆ ರೊಟ್ಟಿ ಬಹುಮಾನ! ನಾನು ಉಂಡೆ.

ಮರುದಿನ ಮಧ್ಯಾಹ್ನ ಉಣ್ಣಲು ಮನೆಗೆ ಹೋಗಿರಲಿಲ್ಲ. ಬುತ್ತಿ ತಂದುಕೊಡಲು ಅಕ್ಕ ಆಟೋ ಸ್ಟ್ಯಾಂಡಿಗೇ ಬಂದಳು. ಬಂದವಳು ಸುಮ್ಮನೆ ಹೋಗಬೇಕೋ ಬೇಡವೋ? ಎಲ್ಲ ಡ್ರೈವರುಗಳ ಮುಂದೆ ನಿಂತು, ಯೂನಿಯನ್ನಿನ ಹಿರಿಯನನ್ನು ಬಹಳ ಮರ್ಯಾದೆಯಿಂದ ಕೇಳಿದಳು: "ಅಣ್ಣಾರ, ಇವತ್ತ ನಮ್ಮ ತಮ್ಮಂದು ಸ್ವಲ್ಪರ ಲಗಾಯಿ ಆತೇನ್ರಿ, ಇಲ್ಲಾ ಬರೇ ಖಾಯಿನ?"

ಸ್ಟ್ಯಾಂಡಿನಲ್ಲಿ ಎದ್ದ ನಗುವಿಗೆ ಎದುರಿನ ಮೆಡಿಕಲ್ ಅಂಗಡಿಯವನು ಹೊರಗೆ ಬಂದು ನೋಡಿದ. "ಯಕ್ಕಾ, ನಿನ್ನ ತಮ್ಮಂದು ಎರಡೂ ಆಗ್ಯಾವ! ಎರಡರಾಗೂ ರೊಕ್ಕ ಹೊಗಿ ಆಗೈತಿ!" ಎಂದ ಒಬ್ಬ. ಅಕ್ಕನೂ ಅವರ ಜೊತೆ ನಕ್ಕಳು. ನಗುತ್ತ ನನ್ನ ಮುಖ ನೋಡಿದಳು, ನಗು ನಿಲ್ಲಿಸಿದಳು. ಬುತ್ತಿಯನ್ನು ಸೀಟಿನ ಮೇಲಿಟ್ಟು ಹೋದಳು.

ಅವತ್ತಿನಿಂದ ಅವಳು ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕೇಳದೆ ಇರುವವರ ಮುಂದೆ ಹೇಗೆ ಬದುಕುವುದು ಹೇಳಿ?

ನನ್ನನ್ನು ಕೇಳಲಿಲ್ಲ, ಊರನ್ನು ಕೇಳಿದಳು. ಮೊದಲ ಗುರು ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯ ಖಾಸೀಮಣ್ಣ. ಅವನೇ ನನಗೆ ಆಮೇಲೆ ಎಲ್ಲ ಹೇಳಿದ.

"ಖಾಸೀಮಣ್ಣ, ಖರೇ ಹೇಳು. ಲಗಾಯಿ ಅಂದ್ರ ಏನು?"

"ಯಾ ಅಲ್ಲಾ! ಅಕ್ಕಾರ, ಮೆಲ್ಲಕ ಅನ್ರಿ. ಪೊಲೀಸರೂ ಇಲ್ಲೇ ಚಾ ಕುಡೀತಾರ."

"ಅವರಿಗೂ ಗೊತ್ತಿಲ್ಲೇನು?"

"ಗೊತ್ತೈತಿ. ಅದಕ್ಕ ಮೆಲ್ಲಕ ಅನ್ರಿ ಅಂದೆ."

ಖಾಸೀಮಣ್ಣ ಬಿಡಿಸಿ ಹೇಳಿದನಂತೆ. ಒಂದು ತಂಡ ಗೆಲ್ಲುತ್ತದೆ ಎಂದು ರೊಕ್ಕ ಹಚ್ಚಿದರೆ ಲಗಾಯಿ, ಅದೇ ತಂಡ ಗೆಲ್ಲುವುದಿಲ್ಲ ಎಂದು ಹಚ್ಚಿದರೆ ಖಾಯಿ. ಇಷ್ಟು ಓವರಿಗೆ ಇಷ್ಟು ರನ್ ಎಂದು ಹಚ್ಚುವುದು ಸೆಷನ್. ಆಗುತ್ತದೆ ಅಂದರೆ ಯೆಸ್, ಆಗುವುದಿಲ್ಲ ಅಂದರೆ ನಾಟ್. ಸೆಷನ್ನಿಗೆ ಎರಡು ಅಂಕಿ ಇರುತ್ತವೆ: ಸಣ್ಣದು ನಾಟ್‌ಗೆ, ದೊಡ್ಡದು ಯೆಸ್‌ಗೆ. ಎರಡೂ ಕಡೆ ಹಚ್ಚಿ, ಯಾರು ಗೆದ್ದರೂ ಹಾನಿಯಾಗದಂತೆ ಮಾಡಿಕೊಂಡರೆ ಬುಕ್ ಸೆಟ್. ಗೆಲ್ಲುತ್ತದೆ ಎಂದು ಹೆಚ್ಚು ಜನ ನಂಬಿದ ತಂಡ ಪ್ಯಾವರಿಟ್, ಆಡುವವನು ಪಂಟರ್.

"ಸೋತು ಸೋತು ಮನಿಗೆ ಬಂದು, ಮಾರಿ ಕೆಳಗ ಹಾಕ್ಕೊಂಡು ಉಣ್ಣೋನಿಗೆ ಏನಂತಾರ?" ಎಂದಳಂತೆ ಅಕ್ಕ.

"ಅವಗೂ ಪಂಟರ್ ಅಂತಾರ್ರಿ."

ಇದನ್ನು ಕೇಳಿದಾಗ ಚಹಾದ ಲೋಟ ಕೆಳಗಿಟ್ಟೆ. ಅಂದರೆ ಅವಳಿಗೆ ಗೊತ್ತು! ಗೊತ್ತಿದ್ದೂ ಯಾಕೆ ಏನೂ ಅನ್ನುತ್ತಿಲ್ಲ? ಇವತ್ತು ಅನ್ನುತ್ತಾಳೆ, ನಾಳೆ ಅನ್ನುತ್ತಾಳೆ ಎಂದು ಮನೆಯ ಹೊಸ್ತಿಲು ದಾಟುವಾಗಲೆಲ್ಲ ಅವಳ ಮುಖ ನೋಡುತ್ತಿದ್ದೆ.

ಅವಳು ಅಂದದ್ದೇ ಬೇರೆ. ಒಂದು ಮಧ್ಯಾಹ್ನ ಗ್ಯಾಸಿನ ಮೇಲೆ ಬೇಳೆ ಇಟ್ಟು ಕೂತಿದ್ದಳು. "ಇವತ್ತ ಬ್ಯಾಳಿ ಪ್ಯಾವರಿಟ್ ಐತಿ. ಆದ್ರ ಸಿಲಿಂಡರ್ ಮ್ಯಾಲ ಭರೋಸಾ ಇಲ್ಲ. ಅದಕ್ಕ ಬುಕ್ ಸೆಟ್ ಮಾಡೀನಿ" ಎಂದು ಹಿತ್ತಲಿನ ಕಡೆ ಕೈ ತೋರಿಸಿದಳು. ಅಲ್ಲಿ ಕಟ್ಟಿಗೆ ಒಲೆಯೂ ಹೊತ್ತಿಸಿಟ್ಟಿತ್ತು! ನಗಬೇಕೋ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ತಾಟು ತೊಳೆದಿಟ್ಟು ಆಟೋ ಹತ್ತಿದೆ.

ಆಮೇಲೆ ಆ ರೋಗ ಶೆಡ್ಡಿಗೂ ಹಬ್ಬಿತು. ಅಕ್ಕನ ಗೆಳತಿ ಶಾಂತವ್ವನನ್ನು ಕರೆತರಲು ಹೋದಾಗ ನಾನೇ ಕಿವಿಯಾರೆ ಕೇಳಿದೆ.

"ಮಾಲಕ ಇವತ್ತ ಊಟದ ಮೊದಲ ಬರ್ತಾನ. ಯಾರ್ಯಾರು ಲಗಾಯಿ?" ಅಕ್ಕನ ದನಿ.

"ನಂದು ಖಾಯಿ! ಅವನ ಹೇಣ್ತಿ ತವರಿಗೆ ಹೋಗ್ಯಾಳ. ತಾನ ಬೇಯಿಸಿಕೊಂಡು ಉಣಬೇಕು, ಸಂಜೀತನಕ ಬರಂಗಿಲ್ಲ ತಗೋ," ಅಂದಳು ಶಾಂತವ್ವ.

"ಸೋತೋರು ಏನ್ ಕೊಡಬೇಕ ಯಕ್ಕಾ?"

"ಏನೂ ಬ್ಯಾಡ. ನಾ ಸೋತೆ ಅಂತ ಎಲ್ಲಾರ ಮುಂದ ಅನ್ನಬೇಕು. ಅಷ್ಟ."

ಹೆಂಗಸರು ಹೋ ಎಂದು ನಕ್ಕರು. ಹೊರಗಿದ್ದ ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಆಡಿದವನು ನಾನು. ಆ ಮಾತನ್ನು ಒಬ್ಬ ಪಂಟರನ ಬಾಯಲ್ಲೂ ಕೇಳಿಲ್ಲ. "ಮುಂದಿನ ಮ್ಯಾಚಿಗೆ ನೋಡ್ಕೋತೀನಿ" ಅನ್ನುತ್ತೇವೆ. ಬಡ್ಡಿಯವನಿಗೂ ಅದನ್ನೇ, ಕನ್ನಡಿಗೂ ಅದನ್ನೇ.

ಇಷ್ಟಕ್ಕೇ ನಿಂತಿದ್ದರೆ ಇದು ನಗೆಯ ಮಾತಾಗಿಯೇ ಉಳಿಯುತ್ತಿತ್ತು. ಶ್ರೀರಾಮನಗರದಲ್ಲಿ ನಮ್ಮ ಚಿಕ್ಕಪ್ಪ ಗದ್ದೆ ಮಾಡಿಕೊಂಡಿದ್ದಾನೆ. ಅವನ ಮಗಳನ್ನು ನೋಡಲು ಕುಷ್ಟಗಿ ಕಡೆಯವರು ಬರುವವರಿದ್ದರು. ಅಕ್ಕ ಮತ್ತು ನಾನು ಹೋದೆವು. ಹುಡುಗ ತಗ್ಗಿಸಿದ ತಲೆ ಎತ್ತಲಿಲ್ಲ. "ಬೀಡಿಲ್ಲ, ಎಲಿ ಅಡಿಕಿಲ್ಲ. ನಮ್ಮ ಹುಡುಗ ಆಕಳ ಇದ್ದಂಗ್ರಿ" ಎಂದ ಅವನ ಸೋದರಮಾವ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದವು. ಮೂಲೆಯಲ್ಲಿ ಟಿವಿ ಸಣ್ಣ ದನಿಯಲ್ಲಿ ಮ್ಯಾಚು ತೋರಿಸುತ್ತಿತ್ತು.

ಆಗ ನಮ್ಮಕ್ಕ, ಸೆರಗು ಸರಿಮಾಡಿಕೊಂಡು, ಮಳೆ ಬೆಳೆಯ ಮಾತಾಡುವವಳಂತೆ ಅಂದಳು: "ಆರು ಓವರಿಗೆ ನಲವತ್ತೈದು ನಲವತ್ತಾರು ಸೆಷನ್ ಇದ್ರ, ನಾಟ್ ಹಿಡಿಯೋರು ನಲವತ್ತಾರಕ್ಕ ಹಿಡೀಬೇಕು. ಹೌದಿಲ್ಲೋ?"

ತಪ್ಪು! ಪೂರ್ತಿ ತಪ್ಪು! ಆಡುವ ಯಾರಿಗಾದರೂ ಮೈಯೆಲ್ಲ ತುರಿಸುವಂಥ ತಪ್ಪು. ನನ್ನ ನಾಲಿಗೆ ಎದ್ದು ನಿಂತಿತು. ಇಡೀ ಮಿರ್ಚಿಯನ್ನು ಒಮ್ಮೆಲೇ ಬಾಯಿಗೆ ತುರುಕಿದೆ. ಕಣ್ಣಲ್ಲಿ ನೀರು ಬಂದರೂ ಬಾಯಿ ತೆರೆಯಲಿಲ್ಲ.

"ಇಲ್ರೀ ಅಕ್ಕಾರ," ಎಂದ ಆಕಳಂಥ ವರ, ಮೊಟ್ಟಮೊದಲ ಬಾರಿ ತಲೆ ಎತ್ತಿ. "ನಾಟ್ ನಲವತ್ತೈದಕ್ಕ ಸಿಗ್ತೈತ್ರೀ. ನಲವತ್ತಾರು ಯೆಸ್‌ಗೆ. ಇವತ್ತ ಪಿಚ್ ಛಲೋ ಐತಿ, ಯೆಸ್ ಹಿಡೀರಿ!"

ಚಿಕ್ಕಪ್ಪ ಅರ್ಥವಾಗದೆ ಸುತ್ತ ನೋಡಿದ. ಸೋದರಮಾವನಿಗೆ ಅರ್ಥವಾಗಿತ್ತು, ಅವನ ಮುಖವೇ ಹೇಳಿತು. ಅದು ಸಟ್ಟಾದ ಮಾತೆಂದು ಅಕ್ಕ ಚಿಕ್ಕಪ್ಪನಿಗೆ ತಿಳಿಸಿದಳು, ಸಂಬಂಧ ಅಲ್ಲೇ ಮುರಿಯಿತು. ಚಿಕ್ಕಪ್ಪನ ಮಗಳು ಒಳಗಿನಿಂದ ಬಂದು ಅಕ್ಕನ ಕೈ ಹಿಡಿದುಕೊಂಡಳು. ಎಲ್ಲರೂ ಅಕ್ಕನ ಜಾಣತನವನ್ನು ಹೊಗಳಿದರು. ಆದರೆ ಒಂದು ಗುಟ್ಟು ನನಗೆ ಮಾತ್ರ ಗೊತ್ತು. ಆ ತಪ್ಪು ಮಾತಾಡುವಾಗ ಅವಳು ನೋಡುತ್ತಿದ್ದದ್ದು ವರನನ್ನಲ್ಲ, ನನ್ನನ್ನು. ಗಾಳ ಹಾಕಿದ್ದು ನನಗೆ, ಬಿದ್ದವನು ಅವನು!

ಹೋಗುವಾಗ ಸೋದರಮಾವ ಅಂಗಳದಲ್ಲಿ ನಿಂತು ಒದರಿದ: "ನಮ್ಮ ಹುಡುಗಗ ಗೊತ್ತಿದ್ದದ್ದು ತಪ್ಪಾದ್ರ, ಈ ಹೆಣಮಗಳಿಗೆ ಹೆಂಗ ಗೊತ್ತರೀ?"

ನಾವು ಊರು ಮುಟ್ಟುವುದರೊಳಗೆ ಆ ಪ್ರಶ್ನೆ ಭಾಗ್ಯನಗರ ಮುಟ್ಟಿತ್ತು. ಅಕ್ಕ ಹೆಂಗಸರ ಸಂಘದ ಮುಖಂಡೆ. ಉಳಿತಾಯದ ಪೆಟ್ಟಿಗೆಯ ಕೀಲಿ ಅವಳ ಸೆರಗಿನ ಗಂಟಿನಲ್ಲಿ. ಆ ಕೀಲಿ ಹಿಡಿದವಳು ಸಟ್ಟಾ ಆಡುತ್ತಾಳಂತೆ! ಪೆಟ್ಟಿಗೆ ತೆಗೆದು ನೋಡಿದರು, ಲೆಕ್ಕ ಸರಿಯಾಗಿತ್ತು. ಅನುಮಾನಕ್ಕೆ ಲೆಕ್ಕ ಯಾಕೆ ಬೇಕು? ಅಂಗನವಾಡಿಯ ಕೋಣೆಯಲ್ಲಿ ಸಭೆ ಕರೆದರು.

ಅವಳನ್ನು ಕರೆದುಕೊಂಡು ಹೋದವನು ನಾನೇ. ಹೊರಗೆ ಕಿಟಕಿಯ ಕೆಳಗೆ ಆಟೋ ನಿಲ್ಲಿಸಿ ಕೂತಿದ್ದೆ. ಒಳಗಿನ ಪ್ರತಿ ಮಾತೂ ಕೇಳುತ್ತಿತ್ತು.

"ಯಕ್ಕಾ, ಶೆಡ್ಡಿನ್ಯಾಗ ನಾವು ಆಡಿದ್ದು ನಗಚಾಟಿಕಿ. ನೀ ಖರೇನ ಆಡ್ತಿಯೇನು?" ಶಾಂತವ್ವನ ದನಿ.

"ಇಲ್ಲವಾ."

"ಮತ್ತ ಯಾಕ ಕಲತಿ? ಮನ್ಯಾಗ ಯಾರರ ಆಡ್ತಾರೇನು?"

ಮನೆಯಲ್ಲಿ ಯಾರಾದರೂ ಅಂದರೆ ಇನ್ಯಾರು? ನಾನೊಬ್ಬನೇ ಅಲ್ಲವೆ! ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ. ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು; ಅವತ್ತೂ ಮ್ಯಾಚಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಎದ್ದು ಒಳಗೆ ಹೋಗಬೇಕು ಎಂದುಕೊಂಡೆ. ಕಾಲು ಏಳಲಿಲ್ಲ. ಸುಳ್ಳು ಹೇಳುವುದಿಲ್ಲ, ನಾನು ಎಬ್ಬಿಸಲೇ ಇಲ್ಲ.

"ಕಲೀಬೇಕನಿಸ್ತು, ಕಲತೆ," ಅಂದಳು ಅಕ್ಕ. ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಚಾಪೆಯ ಮೇಲಿಟ್ಟ ಸಪ್ಪಳ ಕಿಟಕಿಯ ತನಕ ಬಂತು.

ವಾಪಸು ಬರುವಾಗ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಕೈ ಮತ್ತೆ ಮತ್ತೆ ಖಾಲಿ ಸೆರಗಿನ ತುದಿಗೆ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ನನ್ನ ಹೆಸರು ಯಾಕ ಹೇಳಲಿಲ್ಲ?"

"ಹೇಳಿದ್ರ ನಿನಗ ಯಾರು ಹೆಣ್ಣು ಕೊಡ್ತಾರೋ?"

"ಬೈಯೂದು ಬಿಟ್ಟು ಆ ಹಾಳ ಮಾತು ಯಾಕ ಕಲತಿ ನೀನು?"

ಖಾಲಿ ಸೆರಗನ್ನು ಬೆರಳಿಗೆ ಸುತ್ತುತ್ತ ಅಂದಳು: "ಉಣ್ಣಾಕ ಕುಂತಾಗ ನೀ ನನ್ನ ಕೂಡ ಮಾತಾಡೋದ ಬಿಟ್ಟಿ. ಸಾರು ಬೇಕೇನೋ ಅಂದ್ರ ಕೈ ಅಡ್ಡ ಹಿಡೀತಿದ್ದಿ. ಆ ಫೋನಿನ್ಯಾಗ ಮಾತ್ರ ನಗತಿದ್ದಿ, ಸಿಟ್ಟಾಗತಿದ್ದಿ. ಆ ಮಾತು ನನಗೂ ಬಂದ್ರ, ನನ್ನ ಕೂಡನೂ ಆಡ್ತಿ ಅನಕೊಂಡೆ."

ಆಟೋ ನಿಲ್ಲಿಸಿದೆ. ಹಿಂದಿದ್ದ ಟಂಟಂ ಗಾಡಿಯವನು ಹಾರ್ನ್ ಹೊಡೆದು ಬೈದ. ಆಟೋ ತಿರುಗಿಸಿದೆ.

"ಎಲ್ಲಿಗೋ? ಬ್ಯಾಡೋ ತಮ್ಮಾ, ಆದದ್ದು ಆತು," ಎಂದು ಅಕ್ಕ ಹಿಂದಿನಿಂದ ನನ್ನ ಅಂಗಿ ಜಗ್ಗಿದಳು.

ಹೆಂಗಸರು ಇನ್ನೂ ಬಾಗಿಲಲ್ಲೇ ಚಪ್ಪಲಿ ಹುಡುಕುತ್ತಿದ್ದರು. ಅವರೆಲ್ಲರ ಮುಂದೆ ಹೇಗೆ ಬಾಯಿ ತೆರೆದೆನೋ ಗೊತ್ತಿಲ್ಲ. "ಆಡೋನು ನಾನ್ರಿ. ಅಕ್ಕ ಅಲ್ಲ," ಎಂದೆ. ಉಳಿದದ್ದನ್ನೂ ಹೇಳಿದೆ, ಯೂನಿಯನ್ನಿನ ಸುಳ್ಳನ್ನೂ ಸೇರಿಸಿ. ಯಾರೂ ನಗಲಿಲ್ಲ. ಶಾಂತವ್ವ ಕೀಲಿಯನ್ನು ಅಕ್ಕನ ಕೈಗೆ ಒತ್ತಲು ಬಂದಳು.

"ನಾಳಿ ತಗೊಂತೀನವಾ," ಎಂದಳು ಅಕ್ಕ. "ಇವ ಇನ್ನೂ ಉಂಡಿಲ್ಲ."

ಮನೆಗೆ ಬಂದೆವು. ಫೋನನ್ನು ಅವಳ ತಲೆದಿಂಬಿನ ಕೆಳಗಿಟ್ಟು ಉಣ್ಣಲು ಕೂತೆ. ಆಟ ಪೂರ್ತಿ ಬಿಟ್ಟೆಯಾ ಎಂದು ಕೇಳಿದರೆ, ದಿನಾ ಬಿಡುತ್ತಿದ್ದೇನೆ ಎಂದಷ್ಟೇ ಹೇಳಬಲ್ಲೆ. ಅವತ್ತು ಅಕ್ಕ ಅನ್ನ ಬಡಿಸಿ, ಎಂದಿನಂತೆ ಕೇಳಿದಳು.

"ಸಾರು ಬೇಕೇನೋ?"

"ಹಾಕಕ್ಕ," ಎಂದೆ. "ಭಾಳ ಛಲೋ ಆಗೈತಿ."

ಇನ್ನೂ ಹಾಕಿಯೇ ಇರದ ಸಾರನ್ನು ನಾನು ಹೊಗಳಿದ್ದು ಇಬ್ಬರಿಗೂ ಹೊಳೆಯಲಿಲ್ಲ. ಅವಳು ಸೌಟು ಹಿಡಿದುಕೊಂಡು ಹಾಗೇ ಕೂತಿದ್ದಳು, ಬಡಿಸುವುದನ್ನು ಮರೆತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.